ಅರಸೀಕೆರೆ ಬಂದಾಗ ಎಬ್ಬಿಸಿ

ಸಿದ್ದಬಸಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಈ ಗುಟ್ಟು ಅರಸೀಕೆರೆಯಲ್ಲಿ ಅವನನ್ನು ಬಿಟ್ಟರೆ ಅವನ ಹೆಂಡತಿ ಅನುಸೂಯಮ್ಮನಿಗೆ ಮಾತ್ರ ಗೊತ್ತಿತ್ತು. ಉಳಿದವರೆಲ್ಲ ಅವನನ್ನು ಭಾರಿ ಓದಿದವನೆಂದೇ ನಂಬಿದ್ದರು. ನಂಬದೆ ಏನು ಮಾಡಿಯಾರು? ಸ್ಟೇಷನ್ನಿನ ಹಿಂದಿನ ಬಯಲಲ್ಲಿ ನಂಜಪ್ಪನ ಟೆಂಟ್ ಸಿನಿಮಾ ಇತ್ತು. ಅಲ್ಲಿಗೆ ಇಂಗ್ಲಿಷ್ ಚಿತ್ರ ಬಂತೆಂದರೆ ಅದರ ಶಬ್ದ ತಗ್ಗಿಸಿ, ಪರದೆಯ ಪಕ್ಕದಲ್ಲಿ ಮೈಕು ಕೊಟ್ಟು ಸಿದ್ದಬಸಪ್ಪನನ್ನು ನಿಲ್ಲಿಸುತ್ತಿದ್ದರು. ಪರದೆಯ ಮೇಲಿನ ಬಿಳಿ ದೊರೆಗಳು ಏನೇ ಮಾತಾಡಿಕೊಳ್ಳಲಿ, ಇವನು ಅದನ್ನು ಕನ್ನಡದಲ್ಲಿ ಹೇಳಿಬಿಡುತ್ತಿದ್ದ.

"ಮುಖ ನೋಡಿದ್ರೆ ಸಾಕು ಕಣೇ. ಬಾಯಿ ಯಾವ ಭಾಷೆನಾದ್ರೂ ಆಡ್ಲಿ, ಮುಖ ಆಡೋದು ಒಂದೇ ಭಾಷೆ," ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚುತ್ತಿದ್ದ.

ಮನುಷ್ಯ ಆಕಾಶಕ್ಕೆ ಹಾರಿ ಜೀವಸಹಿತ ಇಳಿದ ಸುದ್ದಿ ಪೇಪರಿನಲ್ಲಿ ಬಂದ ಮರುವರ್ಷ ನಂಜಪ್ಪ ಒಂದು ರಾಕೆಟ್ಟಿನ ಚಿತ್ರ ತಂದ. ಕೆಲವರು ದೊರೆಗಳು ರಾಕೆಟ್ಟು ಹತ್ತಿ ಕೆಂಪು ಲೋಕವೊಂದಕ್ಕೆ ಹೋಗುತ್ತಾರೆ, ಅಲ್ಲಿನ ತಗಡಿನ ಮೈಯವರ ಜೊತೆ ಬೆಂಕಿ ಕಾರುವ ಬಂದೂಕು ಹಿಡಿದು ಹೊಡೆದಾಡುತ್ತಾರೆ, ವಾಪಸು ಹೊರಡುತ್ತಾರೆ. ಇಷ್ಟೇ ಕಥೆ. ಆದರೆ ಸಿದ್ದಬಸಪ್ಪನ ಬಾಯಿಗೆ ಬಿದ್ದ ಮೇಲೆ ಅದರ ಗತ್ತೇ ಬೇರೆಯಾಯಿತು. ರಾಕೆಟ್ಟು ಹೊಗೆಯುಗುಳಿದರೆ, "ನೀರು ತುಂಬ್ಕೊಂಡು ವಡೆ ತಿನ್ನಾಕೆ ಈ ಗಾಡಿ ನಮ್ಮೂರಲ್ಲಿ ನಿಲ್ಲಾಕಿಲ್ಲ ಕಣ್ರಪ್ಪ," ಎನ್ನುತ್ತಿದ್ದ. ಒಳಗಿನವರು ಗಾಳಿಯಲ್ಲಿ ತೇಲಾಡಿದರೆ, "ಬರೀ ಬ್ರೆಡ್ಡು ತಿಂದ್ರೆ ಇನ್ನೇನಾದೀತು? ಒಂದೊಂದು ರಾಗಿಮುದ್ದೆ ಇಕ್ಕಿ, ತಾವಾಗೇ ಕೆಳಕ್ಕೆ ಇಳೀತಾರೆ," ಎನ್ನುತ್ತಿದ್ದ. ತಗಡಿನವರು ಅಟ್ಟಿಸಿಕೊಂಡು ಬಂದರೆ ಅವರು ಟಿಕೆಟ್ ಕೇಳುವ ರೈಲ್ವೆಯವರಾಗುತ್ತಿದ್ದರು. ಮರಳಿನ ಮೇಲೆ ಕೂತ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೊನೆಯಲ್ಲಿ ರಾಕೆಟ್ಟು ನಡೆಸುವವನಿಗೆ ಪೆಟ್ಟು ಬಿದ್ದು, ಊರಿಗೆ ಮರಳುವ ದಾರಿಯಲ್ಲಿ ಅವನು ಕಣ್ಣು ಮುಚ್ಚುತ್ತಾನೆ. ಜೊತೆಗಾರರು ತಲೆ ತಗ್ಗಿಸಿ ನಿಲ್ಲುತ್ತಾರೆ. ಅಲ್ಲಿ ಸಿದ್ದಬಸಪ್ಪ, "ಸುಸ್ತಾಗಿ ಮಲಗವ್ನೆ. ಅರಸೀಕೆರೆ ಬಂದಾಗ ಎಬ್ಬಿಸಿ ಅಂದವ್ನೆ," ಎನ್ನುತ್ತಿದ್ದ. ಟೆಂಟು ಹಾರಿಹೋಗುವಷ್ಟು ನಗು ಏಳುತ್ತಿತ್ತು. ಹೆಂಗಸರ ಕಡೆಯಿಂದ ಅನುಸೂಯಮ್ಮನ ನಗು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು.

"ಅವನು ಸತ್ತ ಅಲ್ವೇನ್ರೀ?" ಎಂದು ಅವಳು ಒಮ್ಮೆ ಮನೆಯಲ್ಲಿ ಕೇಳಿದ್ದಳು.

"ನಗಾಕೆ ಬಂದ ಜನಾನ ಯಾಕೆ ಅಳಿಸ್ಬೇಕು ಬಿಡು."

ಆ ಚಳಿಗಾಲದಲ್ಲಿ ಅನುಸೂಯಮ್ಮ ಸೊರಗಿದಳು. ಅನ್ನ ಗಂಟಲಲ್ಲಿ ಇಳಿಯದಾಯಿತು. ಊರಿನ ಔಷಧ ನಾಟದೆ, ಗಂಡ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಇಬ್ಬರು ಡಾಕ್ಟರು ಅವಳನ್ನು ಪರೀಕ್ಷೆ ಮಾಡಿ, ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಸಿದ್ದಬಸಪ್ಪನಿಗೆ ಒಂದು ಪದವೂ ತಿಳಿಯಲಿಲ್ಲ. ಆದರೆ ಹಿರಿಯವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು, ಕಿರಿಯವರು ಗೋಡೆಯ ಕಡೆ ತಿರುಗಿದರು. ಆ ಮುಖಗಳನ್ನು ಅವನು ರಾಕೆಟ್ಟಿನೊಳಗೆ ದಿನಾ ನೋಡಿದ್ದ.

ಹಿರಿಯ ಡಾಕ್ಟರು ಅವನನ್ನು ಹೊರಗೆ ಕರೆದು, ಕನ್ನಡದಲ್ಲೇ ಮೆಲ್ಲಗೆ ಹೇಳಿದರು: "ಕೈ ಮೀರಿದೆಯಪ್ಪ. ನೋಡೋರೆಲ್ಲ ಬಂದು ನೋಡಿಕೊಂಡು ಹೋಗಲಿ."

ವಾಪಸು ಬರುವ ಬಸ್ಸು ಹಾರನಹಳ್ಳಿ ದಾಟಿತು. ಅನುಸೂಯಮ್ಮ ಕೇಳಿದಳು.

"ಏನಂದ್ರು ಡಾಕ್ಟ್ರು?"

"ಗಂಟಲು ಊದ್ಕೊಂಡೈತಂತೆ. ಔಷಧಿ ಕುಡಿದ್ರೆ ಯುಗಾದಿ ಹೊತ್ತಿಗೆ ಒಬ್ಬಟ್ಟು ತಿಂತಾಳೆ ಅಂದ್ರು."

"ಸಿನಿಮಾ ಹೇಳ್ದಂಗೆ ಹೇಳ್ಬೇಡಿ. ನಾನು ಯಾಕೆ ಕೇಳ್ತಿದೀನಿ ಅಂದ್ರೆ, ಹೋಗೋ ಕಾಲ ಬಂದಿದ್ರೆ ಒಂದ್ಸಲ ಕಣಕಟ್ಟೆಗೆ ಹೋಗಿ ಅವ್ವನ ಕಾಲು ಹಿಡೀಬೇಕು. ಬದುಕೋ ಹಂಗಿದ್ರೆ ನಾನ್ಯಾಕೆ ಹೋಗ್ಲಿ? ಟೆಂಟಿನವನ್ನ ಕಟ್ಕೊಂಡೆ ಅಂತ ಬಾಗಿಲು ಹಾಕಿದೋಳು ಅವಳು."

ಕಣಕಟ್ಟೆಯ ತೆಂಗಿನ ತೋಟದ ಹುಚ್ಚಮ್ಮ ಅವಳ ತಾಯಿ. ಮದುವೆಯಾದಂದಿನಿಂದ ತಾಯಿ ಮಗಳ ನಡುವೆ ಮಾತಿರಲಿಲ್ಲ. ಹಟದಲ್ಲಿ ಇಬ್ಬರೂ ಒಂದೇ ಅಚ್ಚು. ಆ ಹಟ ಮುರಿಯಲು ಸಿದ್ದಬಸಪ್ಪ ಒಂದು ನಿಜ ಹೇಳಿದ್ದರೆ ಸಾಕಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆದರೆ ಅವನು ಮುಖವನ್ನು ಕಿಟಕಿಗೆ ತಿರುಗಿಸಿದ.

"ನಿನಗೆ ಏನೂ ಆಗಾಕಿಲ್ಲ. ಯುಗಾದಿ ಕಳೀಲಿ, ನಿನ್ನವ್ವನೇ ಬತ್ತಾಳೆ. ನೀನೂ ಅನ್ನ ಬಿಟ್ಟು ರಾಕೆಟ್ಟಿನವರಂಗೆ ತೇಲೋಕೆ ಸುರು ಮಾಡಿದೀಯ. ಮುದ್ದೆ ಉಣ್ಣು, ಕೆಳಗೆ ಇಳೀತೀಯ," ಎಂದ.

ಅವಳು ನಕ್ಕಳು. ನೋವಿನಲ್ಲೂ ನಕ್ಕಳು. "ಹಂಗಾದ್ರೆ ಸರಿ. ಕಣಕಟ್ಟೆ ಬೇಡ," ಎಂದು ಅವನ ಭುಜಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡಳು. "ಅರಸೀಕೆರೆ ಬಂದಾಗ ಎಬ್ಬಿಸಿ."

ಎಬ್ಬಿಸಿದ. ಆವತ್ತು ಎದ್ದಳು.

ದಿನವೂ ಬೆಳಿಗ್ಗೆ, ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದ. ಅವಳು ಗಂಜಿಯ ಲೋಟ ಹಿಡಿದು ನೋಡಿದರೆ ಬಾಯಿಗೆ ಬರುತ್ತಿದ್ದುದು ರಾಕೆಟ್ಟಿನ ತಮಾಷೆಯೇ. ಇದನ್ನು ಕೇಳಿದವರಿಗೆ ಅವನನ್ನು ಬೈಯಬೇಕು ಅನ್ನಿಸುತ್ತದೆ. ಜೊತೆಗೇ, ಆ ಜಾಗದಲ್ಲಿ ನಿಂತು ನಿಜ ಆಡುವ ಧೈರ್ಯ ಎಷ್ಟು ಗಂಡಂದಿರಿಗೆ ಇದ್ದೀತು ಅಂತಲೂ ಅನ್ನಿಸುತ್ತದೆ. ಯುಗಾದಿ ಇನ್ನೂ ದೂರವಿರುವಾಗಲೇ ಒಂದು ಮಧ್ಯಾಹ್ನ ಅನುಸೂಯಮ್ಮ ಮಲಗಿದಲ್ಲೇ ತೀರಿಕೊಂಡಳು.

ಬಸ್ಸಿನ ಕಂಡಕ್ಟರನ ಕೈಲಿ ಕಣಕಟ್ಟೆಗೆ ಸುದ್ದಿ ಕಳಿಸಿದ. ಮಣ್ಣು ಮಾಡಲು ಹೊರಡುವ ಹೊತ್ತಿಗೆ ಹುಚ್ಚಮ್ಮ ಬಂದಳು. ಹೆಣದ ಕೆನ್ನೆ ಸವರಿ, ಅಳಿಯನ ಕಡೆ ಮೊದಲ ಬಾರಿಗೆ ತಿರುಗಿದಳು.

"ನನ್ನ ಹೆಸರು ಎತ್ತಿದ್ಲೇನಪ್ಪ?"

"ಎತ್ತಿದ್ಲು ಕಣವ್ವ. ಸಾಯೋದು ನಿಜ ಅಂದ್ರೆ ನಿನ್ನ ಹತ್ರ ಬತ್ತೀನಿ ಅಂದ್ಲು. ನಾನು ಸುಳ್ಳು ಅಂದೆ."

ಹುಚ್ಚಮ್ಮ ಬೈಯಲಿಲ್ಲ. "ಒಂದೇ ಬಸ್ಸಿನ ದಾರಿ ಇತ್ತು," ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಿದ್ದಬಸಪ್ಪನಿಗೆ ಅನ್ನಿಸಿತು.

ಬೇಸಿಗೆಯಲ್ಲಿ ಜನ ಕೇಳಿದರೆಂದು ನಂಜಪ್ಪ ಅದೇ ಚಿತ್ರವನ್ನು ಮತ್ತೆ ತರಿಸಿದ. ಸಿದ್ದಬಸಪ್ಪ ಮೈಕು ಹಿಡಿದ. ವಡೆ, ಮುದ್ದೆ, ಟಿಕೆಟ್ಟು, ಯಾವುದನ್ನೂ ಬಿಡಲಿಲ್ಲ. ಹೆಂಗಸರ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. ಕೊನೆಗೆ ರಾಕೆಟ್ಟಿನವನು ಕಣ್ಣು ಮುಚ್ಚಿದ, ಜೊತೆಗಾರರು ತಲೆ ತಗ್ಗಿಸಿದರು. ಜನ ನಗುವುದಕ್ಕೆ ಬಾಯಿ ತೆರೆದು ಕಾದರು. ಮೈಕಿನಲ್ಲಿ ಉಸಿರಾಟ ಬಿಟ್ಟರೆ ಏನೂ ಕೇಳಲಿಲ್ಲ.

"ಸತ್ತೋದ," ಎಂದ ಸಿದ್ದಬಸಪ್ಪ. "ಅರಸೀಕೆರೆ ಬಂದ್ರೂ ಏಳಾಕಿಲ್ಲ. ಎಬ್ಬಿಸ್ಬೇಡಿ."

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಹಳೆಯ ತಮಾಷೆಗಿಂತ ಇದು ಹೆಚ್ಚಿನದೆಂದು ಜನ ಬಿದ್ದು ಬಿದ್ದು ನಕ್ಕರು.

ಆಟ ಮುಗಿದ ಮೇಲೆ ನಂಜಪ್ಪ ಕಣ್ಣೊರೆಸಿಕೊಳ್ಳುತ್ತ ಬಂದು ಅವನ ಬೆನ್ನು ತಟ್ಟಿದ. "ಹೊಸ ಮಾತು ಚೆನ್ನಾಗೈತೆ ಕಣೋ. ನಾಳೆನೂ ಇದನ್ನೇ ಹೇಳು."