ಹವಾಲ್ದಾರರ ಮುಲಾಮು

ಸೈನ್ಯದಲ್ಲಿ ನಮ್ಮ ಹತ್ತು ಮಂದಿಯ ತುಕಡಿಗೆ ಅವರೇ ಹವಾಲ್ದಾರರು. ಅವರದು ಕೂಡ್ಲಿಗಿ, ನನ್ನದು ಹಡಗಲಿ. ಉಳಿದವರಿಗೆ ಕನ್ನಡ ಬಾರದು. ಆದರೂ ಗುಡ್ಡ ಹತ್ತಿಳಿದು ಬಂದೊಡನೆ, ಚಹಾಕ್ಕೂ ಮೊದಲು, "ಬೂಟ್ ಬಿಚ್ರಲೇ, ಕಾಲ್ ತೋರಸ್ರಿ" ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಒಬ್ಬೊಬ್ಬರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ನಾತಕ್ಕೆ ಬೈಯುತ್ತಲೇ ಗುಳ್ಳೆಗಳಿಗೆ ಮುಲಾಮು ಹಚ್ಚುತ್ತಿದ್ದರು.

ಒಂದು ದಿನ ಅವರೇ ಕುಂಟುತ್ತ ಬಂದು, ಬೂಟು ಬಿಚ್ಚದೆ ದೂರ ಕೂತರು. ನಮ್ಮ ಬಿಹಾರದ ಜವಾನ ಅವರೆದುರು ಕುಕ್ಕರಗಾಲಲ್ಲಿ ಕೂತು, "ಉಸ್ತಾದ್, ಕಾಲ್ ತೋರಸ್ರಿ" ಅಂದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ಬೂಟು ಬಿಚ್ಚಿದರೆ ಕಾಲುಚೀಲ ರಕ್ತದಲ್ಲಿ ತೊಯ್ದು ತೊಗಲಿಗೆ ಅಂಟಿತ್ತು. ನಾನು ಮುಲಾಮು ತೆಗೆದೆ.

"ಲೇ, ಚೂರು ಹಚ್ಚು," ಅಂದರು. "ನಾಳಿ ನಿಮಗ ಬೇಕಾಗ್ತೈತಿ."