ವೇದವತಿಯವರ ವ್ಯಾನಿನೊಳಗಿನ ಕಾವು

ವೇದವತಿ ಮನೆಗಳ ಕಿಟಕಿ ತೊಳೆಯುವ ಕೆಲಸಕ್ಕೆ ಇಳಿದದ್ದು ಗಂಡ ಏಣಿಯಿಂದ ಬಿದ್ದ ಮೇಲೆ. ಉಮಾಶಂಕರ ಹುಬ್ಬಳ್ಳಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದವರು. ಲಂಡನ್ನಿಗೆ ಬಂದು ರೇನರ್ಸ್ ಲೇನಿನಲ್ಲಿ ಕಿಟಕಿ ತೊಳೆಯಲು ಏಣಿ, ಬಕೆಟ್ಟು ಹಿಡಿದಿದ್ದರು. ೨೦೦೨ರಲ್ಲಿ ಬಿದ್ದು ಸೊಂಟದ ಎಲುಬು ಮುರಿಯಿತು. ಅದು ಕೂಡಿಕೊಂಡರೂ ಅವರು ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟರು.

ಗಿರಾಕಿಗಳು ಕೈತಪ್ಪಬಾರದೆಂದು ವೇದವತಿ ಡ್ರೈವಿಂಗ್ ಕಲಿತು ಹಳೆಯ ವ್ಯಾನೊಂದನ್ನು ಕೊಂಡರು. ಅದರೊಳಗೆ ನೀರಿನ ಟ್ಯಾಂಕು, ಪಂಪು, ಫಿಲ್ಟರು. ಉದ್ದನೆಯ ಕೋಲಿನ ತುದಿಯಲ್ಲಿದ್ದ ಬ್ರಶ್ಶಿಗೇ ನೀರು ಹರಿದು ಬರುತ್ತಿದ್ದರಿಂದ ನೆಲದ ಮೇಲೆ ನಿಂತೇ ಮಹಡಿಯ ಕಿಟಕಿ ತೊಳೆಯಬಹುದಿತ್ತು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ವ್ಯಾನಿನ ಬಾಗಿಲು ತೆಗೆದರೆ ಒಳಗಿನ ನೀರು ಹೆಪ್ಪುಗಟ್ಟಿ ಪಂಪು ಸೀಳಿಹೋಗಿತ್ತು, ಫಿಲ್ಟರು ಒಡೆದಿತ್ತು. ಹೊಸವನ್ನು ಹಾಕಿಸಿ, ಊರಿಂದ ತಂದ ಕೌದಿಯನ್ನು ಅವುಗಳ ಮೇಲೆ ಹೊದಿಸತೊಡಗಿದರು. ಚಳಿ ಏರಿದಾಗ ಕೌದಿಯೂ ಸಾಲದೆ ಆ ಪಂಪೂ ಹೋಯಿತು. ವ್ಯಾನು ನಿಲ್ಲುತ್ತಿದ್ದದ್ದು ರಸ್ತೆಯಲ್ಲಿ. ಮನೆಯಿಂದ ಕರೆಂಟು ಎಳೆಯುವಂತಿರಲಿಲ್ಲ.

ಅವತ್ತು ಬರಲಾಗುವುದಿಲ್ಲವೆಂದು ಡೊರೀನ್ ಎಂಬ ಹಿರಿಯ ಗಿರಾಕಿಗೆ ಫೋನ್ ಮಾಡಿದಾಗ, ಆಕೆ ಕಾರಣ ಕೇಳಿ ತಿಳಿದುಕೊಂಡರು. ಗಂಡ ಇದ್ದಾಗ ಅವರದೊಂದು ದೋಣಿ ಕಾಲುವೆಯಲ್ಲಿತ್ತಂತೆ. ಅದರ ಪಂಪು ಹೆಪ್ಪುಗಟ್ಟದಂತೆ ಬ್ಯಾಟರಿಯಿಂದ ನಡೆಯುವ ಪುಟ್ಟ ಹೀಟರು ಇಟ್ಟಿದ್ದರಂತೆ. ಚಳಿ ಹೆಚ್ಚಾದರೆ ತಾನೇ ಹೊತ್ತಿಕೊಂಡು, ಕಾವು ಬಂದ ಮೇಲೆ ತಾನೇ ಆರುವಂಥದು. ದೋಣಿ ಮಾರಿದ ಮೇಲೂ ಶೆಡ್ಡಿನಲ್ಲಿ ಉಳಿದಿದ್ದ ಅದನ್ನು ಡೊರೀನ್ ಮರುದಿನ ಬಸ್ಸಿನಲ್ಲಿ ತಾವೇ ತಂದುಕೊಟ್ಟರು.

ವೇದವತಿ ಅದನ್ನು ಗಂಡನ ಮುಂದಿಟ್ಟರು.

"ನಾ ಈ ಕೆಲಸ ಬಿಟ್ಟು ಭಾಳ ವರ್ಷ ಆತು," ಎಂದರು ಉಮಾಶಂಕರ.

"ಒಮ್ಮೆ ಬಿಚ್ಚಿ ನೋಡ್ರಿ. ಆಗ್ಲಿಲ್ಲಂದ್ರ ಬ್ಯಾರೆದವರಿಗೆ ಕೇಳೂಣು."

ಬಿಚ್ಚಿದವರು ಊಟಕ್ಕೂ ಏಳಲಿಲ್ಲ. ಎಂಜಿನ್ನಿನ ಬ್ಯಾಟರಿ ಖಾಲಿಯಾಗದಿರಲೆಂದು ಹೀಟರಿಗೆ ಬೇರೆ ಬ್ಯಾಟರಿ ಕೂಡಿಸಿ, ವ್ಯಾನು ಓಡುವಾಗ ಅದೂ ಚಾರ್ಜ್ ಆಗುವಂತೆ ಮಾಡಿದರು. ಹೊಸ ಪಂಪಿನ ಸುತ್ತ ಕಾವು ನಿಲ್ಲುವ ಪೆಟ್ಟಿಗೆ ಕಟ್ಟಿದರು.

ವಾರದೊಳಗೆ ರಸ್ತೆಯೆಲ್ಲ ಬೆಳ್ಳಗಾಗುವಷ್ಟು ಇಬ್ಬನಿ ಹೆಪ್ಪುಗಟ್ಟಿದ ಬೆಳಗು ಬಂತು. ವೇದವತಿ ಅಳುಕುತ್ತಲೇ ಸ್ವಿಚ್ಚು ಒತ್ತಿದರು. ಬ್ರಶ್ಶಿನಿಂದ ನೀರು ಚಿಮ್ಮಿತು. ಬಾಗಿಲಲ್ಲಿ ನಿಂತಿದ್ದ ಉಮಾಶಂಕರ ಮೆಟ್ಟಿಲಿಳಿದು ಬಂದು ನೀರಿಗೆ ಕೈಯೊಡ್ಡಿದರು.

"ತಡಿ, ಕೋಟ್ ಹಾಕ್ಕೊಂಡು ಬರ್ತೀನಿ. ಆ ಅಮ್ಮನ ಮನ್ಯಾಗ ಹೆಂಗ ನಡೀತೈತಿ ನೋಡೂಣು."

ಡೊರೀನರ ಅಂಗಳದಲ್ಲಿ ವೇದವತಿ ಆಕೆಯ ಎರಡೂ ಕೈ ಹಿಡಿದು ನಿಂತುಬಿಟ್ಟರು. ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿತ್ತು, ಅದರಲ್ಲೇನು ಎಂದು ಡೊರೀನ್ ಚಹಾ ಮಾಡಲು ಒಳಗೆ ಹೋದರು. ಗಂಡ ಮತ್ತೆ ಬೀದಿಗೆ ಬಂದದ್ದನ್ನು ನೆನೆದು ವೇದವತಿಯ ಕಣ್ಣು ತುಂಬಿತು.

ಸುದ್ದಿ ಹಬ್ಬಿ, ನಾಯಿಗಳಿಗೆ ಸ್ನಾನ ಮಾಡಿಸುವ ವ್ಯಾನಿನವರೊಬ್ಬರು, ಹೌನ್ಸ್ಲೋದ ಕಾರು ತೊಳೆಯುವವರು ತಮಗೂ ಹೀಟರು ಕೂಡಿಸಿಕೊಡಲು ಕೇಳಿದರು. ಉಮಾಶಂಕರರಿಗೆ ಅದೇ ಕಸುಬಾಯಿತು.

ಕೆಲವು ವರ್ಷಗಳ ಮೇಲೆ ಡೊರೀನ್ ಮನೆ ಮಾರಿ ಮಗಳ ಊರಿಗೆ ಹೊರಟರು. ಗಂಡಹೆಂಡತಿ ಇಬ್ಬರೂ ಹೋಗಿ ಸಾಮಾನು ಹೇರಿದರು. ಡೊರೀನರನ್ನು ಕರೆದೊಯ್ದ ಕಾರು ತಿರುವಿನಲ್ಲಿ ಮರೆಯಾದ ಮೇಲೆ ವೇದವತಿ ಆ ಖಾಲಿ ಮನೆಯ ಕಿಟಕಿಗಳನ್ನೆಲ್ಲ ಒಮ್ಮೆ ತೊಳೆದರು. ಹೊಸದಾಗಿ ಬರುವವರಿಗೆ ಡೊರೀನ್ ಒಳ್ಳೆಯ ಮನೆ ಬಿಟ್ಟುಹೋಗಿದ್ದಾರೆಂದು ಕಾಣಬೇಕಿತ್ತು.