ಬು ಮುರ್ತಿ ಅಳಿಸದ ಹಾಡು

ಸೆಮಾರಂಗ್ ಊರಿನ ಡಿಜಿಟಲ್ ಸಾಕ್ಷ್ಯದ ಪ್ರಯೋಗಾಲಯದಲ್ಲಿ ಬು ಮುರ್ತಿ (ಅಲ್ಲಿ ಹೆಂಗಸರಿಗೆ ‘ಬು’, ಗಂಡಸರಿಗೆ ‘ಪಾಕ್’ ಎನ್ನುವುದು ಮರ್ಯಾದೆ) ಎಂದರೆ ಎಲ್ಲರಿಗೂ ಸ್ವಲ್ಪ ಭಯ. ಕೋರ್ಟಿನಿಂದ ಬಂದ ಕಂಪ್ಯೂಟರುಗಳ ಡಿಸ್ಕನ್ನು ಖಾಲಿ ಜಾಗವನ್ನೂ ಬಿಡದೆ ನಕಲು ಮಾಡಿ ಸರ್ವರಿನಲ್ಲಿ ಕಾಯುವುದು ಹತ್ತೊಂಬತ್ತು ವರ್ಷದಿಂದ ಆಕೆಯ ಕೆಲಸ. ಖಾಲಿ ಇರೋದನ್ಯಾಕೆ ಇಡ್ತೀರಿ ಎಂದವರಿಗೆ, "ಅಳಿಸಿದ್ದೆಲ್ಲ ಅಡಗಿರೋದೇ ಅಲ್ಲಿ" ಎನ್ನುತ್ತಿದ್ದಳು. ಮನೆಯಲ್ಲೂ ಅಷ್ಟೇ; ಬಿಸ್ಕತ್ತಿನ ಖಾಲಿ ಡಬ್ಬಿ ಎಸೆಯಲು ಗಂಡನಿಗೆ ಧೈರ್ಯವಿರಲಿಲ್ಲ.

ಸರ್ವರಿನ ಸಾಕ್ಷ್ಯದ ಫೋಲ್ಡರಿಗೆ ಒಮ್ಮೆ ಹಾಕಿದ್ದನ್ನು ಏಳು ವರ್ಷ ಯಾರೂ ಮುಟ್ಟುವಂತಿಲ್ಲ. ಆ ನಿಯಮಕ್ಕೆ ಸಹಿ ಹಾಕಿದವರು ನಿರ್ದೇಶಕ ಪಾಕ್ ಸುಗಿಯಾರ್ತೊ. ಸ್ವಾತಂತ್ರ್ಯ ದಿನದ ಔತಣದಲ್ಲಿ ತಾವು ಹಾಡಿದ ವಿಡಿಯೊವನ್ನು, ತಮ್ಮ ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು, ಅದೇ ಫೋಲ್ಡರಿಗೆ ತುರುಕಿದ ಮಹಾನುಭಾವರೂ ಅವರೇ.

ಸೋಮವಾರ ಆ ಫೋಲ್ಡರನ್ನು ಪರಿಶೀಲಿಸಲು ನ್ಯಾಯಾಧೀಶೆ ಪ್ರಯೋಗಾಲಯಕ್ಕೇ ಬರುವವರಿದ್ದರು. ಪ್ರಶ್ನೆಪತ್ರಿಕೆ ಮಾರಿದನೆಂದು ಮೇಷ್ಟ್ರು ದರ್ಸೊನೊ ಜೈಲಿನಲ್ಲಿದ್ದ. ಆತ ಮಾರಿಲ್ಲ ಎನ್ನಲು ಅವನ ಲ್ಯಾಪ್‌ಟಾಪಿನ ನಕಲೊಂದೇ ಆಧಾರ.

ಶುಕ್ರವಾರ ನಿರ್ದೇಶಕರು ಲುಂಪಿಯಾ ಎಂಬ ಕರಿದ ಸುರುಳಿ ತಿಂಡಿಯ ಪೊಟ್ಟಣ ಹಿಡಿದು ಬಂದರು. "ಬು, ಆ ಹಾಡು ಅಳಿಸಿಬಿಡಿ. ಪಾಸ್‌ವರ್ಡ್ ನಿಮ್ಮ ಹತ್ರಾನೇ ಇದೆ."

"ಅಳಿಸಿದ್ದು ದಾಖಲೆಗೆ ಬೀಳುತ್ತೆ, ಪಾಕ್. ಹಾಡು ಅಳಿಸಿದೋರು ಮೇಷ್ಟ್ರದ್ದನ್ನೂ ತಿದ್ದಿರ್ತಾರೆ ಅಂತಾರೆ."

"ಅದ್ರಲ್ಲಿ ನಾನು ಹೆಂಡ್ತಿ ಶಾಲು ಸೊಂಟಕ್ಕೆ ಕಟ್ಕೊಂಡು ಕುಣಿದಿದೀನಿ!"

"ನೋಡಿದೀನಿ. ಎರಡು ಸಲ."

"ಹಂಗಾದ್ರೆ ಮಂಗಳವಾರದಿಂದ ಗೇಟ್ ಹತ್ರ ಕಾವಲಿಗೆ ಕೂತ್ಕೊಳ್ಳಿ!" ಎಂದು ಲುಂಪಿಯಾವನ್ನೂ ವಾಪಸ್ ಎತ್ತಿಕೊಂಡು ಹೋದರು.

ಹತ್ತೊಂಬತ್ತು ವರ್ಷದ ಕೆಲಸ! ಆದರೂ ಬು ಮುರ್ತಿಯ ಕೈ ಕೀಲಿಮಣೆಯತ್ತ ಹೋಗಲಿಲ್ಲ.

ಸೋಮವಾರ ನ್ಯಾಯಾಧೀಶೆಯ ಜೊತೆ ಬಂದ ಸರ್ಕಾರಿ ವಕೀಲ ಬಾಯಿ ತೆರೆದದ್ದೇ, "ನಿರ್ದೇಶಕರು ಹೇಳಿದ್ರೆ ಈಯಮ್ಮ ಏನ್ ಬೇಕಾದ್ರೂ ಅಳಿಸ್ತಾರೆ. ಈ ನಕಲನ್ನ ಹೆಂಗೆ ನಂಬೋದು?" ಎಂದ.

ಬು ಮುರ್ತಿ ಫೋಲ್ಡರಿನ ಪಟ್ಟಿಯ ಕೊನೆಯ ಫೈಲು ತೆರೆದಳು. ಪರದೆಯ ಮೇಲೆ ಪಾಕ್ ಸುಗಿಯಾರ್ತೊ ಶಾಲು ಕಟ್ಟಿಕೊಂಡು ಸೊಂಟ ಕುಲುಕಿಸಿದರು. ಅವರಿಗೂ ಸ್ವರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ.

"ಇದನ್ನ ಅಳಿಸಿ ಅಂತ ಅವರೇ ಕೇಳಿದ್ರು, ಅಮ್ಮಾ" ಎಂದಳು.

"ಹೌದಾ, ಪಾಕ್?" ನ್ಯಾಯಾಧೀಶೆ ನಗು ತಡೆದುಕೊಂಡು ಕೇಳಿದರು.

ನಿರ್ದೇಶಕರು ನೆಲ ನೋಡಿದರು. "ಹೌದು. ಕಾಲು ಹಿಡಿಯೋದೊಂದು ಬಾಕಿ ಇತ್ತು."

ನ್ಯಾಯಾಧೀಶೆ ನಕಲನ್ನು ನಂಬಿದರು, ಮೇಷ್ಟ್ರು ಮನೆಗೆ ಹೋದ. ಗೇಟಿನ ಮಾತು ಮತ್ತೆ ಏಳಲಿಲ್ಲ. ಆದರೆ ಹಾಡೂ ತೀರ್ಪಿನಲ್ಲಿ ಸಾಕ್ಷ್ಯವಾಗಿ ಸೇರಿತು. ತೀರ್ಪಿಗೆ ಸೇರಿದ್ದಕ್ಕೆ ಏಳು ವರ್ಷದ ಗಡುವಿಲ್ಲ; ಅದನ್ನಿನ್ನು ಶಾಶ್ವತವಾಗಿ ಕಾಯಬೇಕು. ನಿಯಮದ ಪ್ರಕಾರ ಬು ಮುರ್ತಿ ಅದಕ್ಕೆ ಇನ್ನೊಂದು ನಕಲು ಮಾಡಿ, ಬೇರೆ ಊರಿನ ಸರ್ವರಿನಲ್ಲೂ ಇಟ್ಟಳು.